ಹೂಗುಚ್ಛ ಕಳಿಸಿ ಗೆದ್ದದ್ದೇನು? 2007ರ ಜುಲೈ ವೀಸಾ ಬುಲೆಟಿನ್ ಪ್ರಕರಣ

2007ರ ಜುಲೈ 10, ಮಂಗಳವಾರ. ಅಮೆರಿಕದ ವಲಸೆ ಅರ್ಜಿಗಳನ್ನು ನೋಡಿಕೊಳ್ಳುವ ಯುಎಸ್‌ಸಿಐಎಸ್ ಇಲಾಖೆಯ ನಿರ್ದೇಶಕ ಎಮಿಲಿಯೊ ಗೊನ್ಸಾಲೆಸ್ ಅವರ ಹೆಸರಿಗೆ ವಾಷಿಂಗ್ಟನ್ ಕಚೇರಿಯಲ್ಲಿ ಹೂಗುಚ್ಛಗಳು ಬರತೊಡಗಿದವು. ಒಂದೆರಡಲ್ಲ, ರಾಶಿ ರಾಶಿ. ಕಳಿಸಿದವರು ಬಹುಪಾಲು ಭಾರತದ ಎಂಜಿನಿಯರ್‌ಗಳು, ಡಾಕ್ಟರ್‌ಗಳು, ಅವರ ಮನೆಯವರು. ಎಂಟು ದಿನದ ಹಿಂದೆ ಇದೇ ಇಲಾಖೆ ಅವರ ಗ್ರೀನ್ ಕಾರ್ಡ್ ಅರ್ಜಿಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿತ್ತು. ಹಿಂದಿನ ವರ್ಷ ಬಂದಿದ್ದ 'ಲಗೇ ರಹೋ ಮುನ್ನಾಭಾಯಿ' ಸಿನಿಮಾದಲ್ಲಿ ಯಾರ ಮೇಲೆ ಕೋಪವೋ ಅವರಿಗೇ ಹೂ ಕಳಿಸುವ ಉಪಾಯ ಇದೆ. ಅದನ್ನೇ ಇಲ್ಲಿ ಎತ್ತಿಕೊಂಡಿದ್ದರು. ಇನ್ನೊಂದು ವಾರಕ್ಕೆ ಇಲಾಖೆ ತನ್ನ ಮಾತು ಹಿಂದಕ್ಕೆ ತೆಗೆದುಕೊಂಡಿತು.

ಅಮೆರಿಕದಲ್ಲಿರುವ ನಮ್ಮವರು ಈ ಕಥೆಯನ್ನು ಇಂದಿಗೂ ಖುಷಿಯಿಂದ ಹೇಳುತ್ತಾರೆ. ಗಾಂಧಿಗಿರಿ ಮಾಡಿದೆವು, ಸರ್ಕಾರ ಮಣಿಯಿತು ಅಂತ. ಕೇಳಲು ಚೆನ್ನಾಗಿದೆ. ಆದರೆ ಅದು ಅರ್ಧ ಕಥೆ. ಹೂವಿನಿಂದ ಆದದ್ದೆಷ್ಟು, ವಕೀಲರಿಂದ ಆದದ್ದೆಷ್ಟು, ಕೊನೆಗೆ ಸಿಕ್ಕಿದ್ದೇನು, ಯಾರಿಗೆ ಸಿಗಲೇ ಇಲ್ಲ ಎಂದು ಬಿಡಿಸಿ ನೋಡಿದರೆ ಇದು ಬೇರೆಯದೇ ಪ್ರಕರಣವಾಗಿ ಕಾಣುತ್ತದೆ.

ಸಾಲು ಹೇಗಿದೆ

ಮೊದಲು ಆ ಸಾಲಿನ ಲೆಕ್ಕ ತಿಳಿಯಬೇಕು. ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡಬಹುದು ಎಂದು 1990ರ ಕಾನೂನು ಗೊತ್ತು ಮಾಡಿತು. ಇದರಲ್ಲಿ ಕೆಲಸಗಾರರಷ್ಟೇ ಅಲ್ಲ, ಅವರ ಗಂಡ, ಹೆಂಡತಿ, ಮಕ್ಕಳೂ ಸೇರಿದ್ದಾರೆ. ನಾಲ್ಕು ಜನರ ಒಂದು ಸಂಸಾರಕ್ಕೆ ನಾಲ್ಕು ನಂಬರ್ ಖರ್ಚು. ಅದರ ಮೇಲೆ ಇನ್ನೊಂದು ಮಿತಿ: ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಒಟ್ಟಿನ 7%ಕ್ಕಿಂತ ಜಾಸ್ತಿ ಹೋಗಬಾರದು. ಐಸ್‌ಲ್ಯಾಂಡಿಗೂ 7%, ಭಾರತಕ್ಕೂ 7%. ನೂರು ಕೋಟಿ ದಾಟಿದ ದೇಶಕ್ಕೂ ನಮ್ಮ ಒಂದು ತಾಲ್ಲೂಕಿನಷ್ಟು ಜನ ಇರುವ ದೇಶಕ್ಕೂ ಒಂದೇ ಅಳತೆ. ಬೇರೆ ದೇಶದವರು ಬಿಟ್ಟ ನಂಬರ್‌ಗಳು ಭಾರತಕ್ಕೆ ಸಿಗಬಹುದು. 2000ದಲ್ಲಿ ಬಂದ ಕಾನೂನು ಅದಕ್ಕೆ ದಾರಿ ಮಾಡಿತ್ತು. ಆದರೆ ಮಿಕ್ಕಿದರೆ ತಾನೇ ಸಿಗುವುದು?

ದಾರಿಯಲ್ಲಿ ಮೂರು ಮೆಟ್ಟಿಲು. ಮೊದಲು ಕಂಪನಿಯವರು 'ಲೇಬರ್' ಮುಗಿಸಬೇಕು. ಅಂದರೆ ಈ ಕೆಲಸಕ್ಕೆ ಅಮೆರಿಕದವರು ಯಾರೂ ಸಿಗಲಿಲ್ಲ ಎಂದು ಕಾರ್ಮಿಕ ಇಲಾಖೆಗೆ ತೋರಿಸಬೇಕು. ಆ ಅರ್ಜಿ ಹಾಕಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಸಾಲಿನಲ್ಲಿ ನಿಮ್ಮ ಜಾಗ. ಎರಡನೆಯದು ಐ-140, ಈ ಕೆಲಸಗಾರರಿಗೆ ಗ್ರೀನ್ ಕಾರ್ಡ್ ಕೊಡಿ ಎಂದು ಕೇಳುವುದು, ಅದೂ ಕಂಪನಿಯ ಅರ್ಜಿ. ಮೂರನೆಯದು ಐ-485, ಗ್ರೀನ್ ಕಾರ್ಡಿನ ಕೊನೆಯ ಅರ್ಜಿ. ಇದನ್ನು ಮಾತ್ರ ಕೆಲಸಗಾರರು ತಮ್ಮ ಹೆಸರಿನಲ್ಲೇ ಹಾಕುವುದು. ಆದರೆ ಯಾವಾಗ ಬೇಕಾದರೂ ಹಾಕುವಂತಿಲ್ಲ. ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಒಂದು ದಿನಾಂಕ ಇರುತ್ತದೆ. ನಿಮ್ಮ ಡೇಟ್ ಅದಕ್ಕಿಂತ ಹಿಂದಿನದಾಗಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ.

ಎಡವಟ್ಟು ಶುರುವಾಗುವುದು ಇಲ್ಲೇ. ನಂಬರ್‌ಗಳ ಲೆಕ್ಕ ಇಡುವುದು ವಿದೇಶಾಂಗ ಇಲಾಖೆ. ಅಮೆರಿಕದ ಒಳಗಿರುವವರ ಅರ್ಜಿ ನೋಡಿ ನಂಬರ್ ಖರ್ಚು ಮಾಡುವುದು ಯುಎಸ್‌ಸಿಐಎಸ್. ಒಂದೇ ಬ್ಯಾಂಕ್ ಖಾತೆಯನ್ನು ಮಾತು ಬಿಟ್ಟ ಇಬ್ಬರು ನಡೆಸಿದ ಹಾಗೆ. ಸೆಪ್ಟೆಂಬರ್ 30ಕ್ಕೆ ಸರ್ಕಾರಿ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಖರ್ಚಾಗದ ನಂಬರ್‌ಗಳು ಸಾಲಿನಲ್ಲಿ ಕಾಯುತ್ತಿರುವವರಿಗೆ ದಕ್ಕುವುದಿಲ್ಲ. 2006ರಲ್ಲಿ ಹೀಗೆ 10,000ಕ್ಕೂ ಹೆಚ್ಚು ನಂಬರ್ ಹಾಳಾದವು. ಲಕ್ಷಕ್ಕೂ ಕಡಿಮೆಯಿಲ್ಲದ ಅರ್ಜಿಗಳು ಇಲಾಖೆಯ ಕಪಾಟಿನಲ್ಲಿ ಬಿದ್ದಿರುವಾಗಲೇ. ಇದನ್ನು ಬರೆದಿಟ್ಟವರು ಹೊರಗಿನ ಟೀಕಾಕಾರರಲ್ಲ, ಇಲಾಖೆಯ ಮೇಲೆ ಕಣ್ಣಿಡಲೆಂದೇ ಸರ್ಕಾರ ನೇಮಿಸಿದ ಆಂಬುಡ್ಸ್‌ಮನ್ ಪ್ರಕಾಶ್ ಖತ್ರಿ. 2007ರ ಜೂನ್‌ನಲ್ಲಿ ಬಂದ ಅವರ ವರದಿ ಓದಿದರೆ, ಸಾಲು ಉದ್ದವಾಗಲು ಜನ ಜಾಸ್ತಿ ಇರುವುದೊಂದೇ ಕಾರಣ ಅಲ್ಲ ಎಂದು ಗೊತ್ತಾಗುತ್ತದೆ.

ಜೂನ್ 12: ಎಲ್ಲರಿಗೂ ಬಾಗಿಲು

2007ರಲ್ಲೂ ನಂಬರ್ ಹಾಳಾಗಬಹುದು ಎಂಬ ಭಯ ವಿದೇಶಾಂಗ ಇಲಾಖೆಗೆ ಬಂತು. ಹಾಗಾಗಿ ಜೂನ್ 12ರಂದು ಹೊರಬಿದ್ದ ಜುಲೈ ಬುಲೆಟಿನ್, ಕಡಿಮೆ ಕೌಶಲದ ಕೆಲಸಗಾರರ ಒಂದು ಉಪವರ್ಗ ಬಿಟ್ಟು ಉಳಿದ ಎಲ್ಲ ಉದ್ಯೋಗ ವರ್ಗಗಳನ್ನೂ 'ಕರೆಂಟ್' ಎಂದು ಸಾರಿತು. ಡೇಟ್ ಯಾವುದೇ ಇರಲಿ, ಯಾವ ದೇಶವೇ ಇರಲಿ, ಜುಲೈನಲ್ಲಿ ಐ-485 ಹಾಕಬಹುದು. ಯುಎಸ್‌ಸಿಐಎಸ್ ಕಡೆಯಿಂದ ಬೇಡಿಕೆ ಹೆಚ್ಚಲಿ, ವರ್ಷದ ನಂಬರ್‌ಗಳು ಪೂರ್ತಿ ಬಳಕೆಯಾಗಲಿ ಎಂದೇ ಹೀಗೆ ಮಾಡಿದ್ದೇವೆ ಎಂದು ಬುಲೆಟಿನ್‌ನಲ್ಲೇ ಬರೆದಿತ್ತು.

ಕಾಯುತ್ತಿದ್ದವರಿಗೆ ಇದರ ಬೆಲೆ ಏನು ಎಂದು ಹೊರಗಿನವರಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ಗ್ರೀನ್ ಕಾರ್ಡ್ ಬರುವುದಿಲ್ಲ ನಿಜ. ಆದರೆ ಅರ್ಜಿ ಒಳಗೆ ಹೋದರೆ ಇಎಡಿ ಸಿಗುತ್ತದೆ, ಅಂದರೆ ಯಾವ ಕಂಪನಿಯ ಹಂಗೂ ಇಲ್ಲದ ಕೆಲಸದ ಪರವಾನಗಿ. ಆಗ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿದ್ದ ಹೆಂಡತಿಯೋ ಗಂಡನೋ ಒಂದು ಡಾಲರ್ ಕೂಡ ದುಡಿಯುವಂತಿರಲಿಲ್ಲ. ಬೆಂಗಳೂರಿನಲ್ಲಿ ಟೀಮ್ ನಡೆಸುತ್ತಿದ್ದ ಹೆಣ್ಣುಮಗಳು ಮದುವೆಯಾಗಿ ನ್ಯೂಜೆರ್ಸಿಗೆ ಹೋದರೆ ವರ್ಷಗಟ್ಟಲೆ ಮನೆಯಲ್ಲೇ. ಅವರಿಗೆ ಈ ಇಎಡಿ ಅಂದರೆ ಜೀವ ಬಂದ ಹಾಗೆ. ಅರ್ಜಿ ಹಾಕಿ 180 ದಿನ ಆದಮೇಲೆ ಅದೇ ಬಗೆಯ ಕೆಲಸಕ್ಕೆ ಬೇರೆ ಕಂಪನಿಗೂ ಹೋಗಬಹುದು, ಸಾಲಿನಲ್ಲಿ ಜಾಗ ಹೋಗುವುದಿಲ್ಲ. ಅಲ್ಲಿಯವರೆಗೆ ಪ್ರಮೋಷನ್ ಇಲ್ಲದೆ, ಬೈಸಿಕೊಂಡು, ಅದೇ ಕುರ್ಚಿಯಲ್ಲಿ ಕೂತವರು ಎಷ್ಟೋ ಮಂದಿ.

ಎಲ್ಲಕ್ಕಿಂತ ದೊಡ್ಡದು ಮಕ್ಕಳ ವಿಷಯ. ಮಗು 21 ತುಂಬಿದರೆ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳುತ್ತದೆ. 2002ರ ಕಾನೂನು ಒಂದು ಆಸರೆ ಕೊಟ್ಟಿತ್ತು. ವೀಸಾ ಲಭ್ಯವಾದಾಗಿನ ವಯಸ್ಸಿನಿಂದ ಐ-140 ಬಾಕಿ ಇದ್ದ ದಿನಗಳನ್ನು ಕಳೆಯಬೇಕು. ಉಳಿದದ್ದು 21ಕ್ಕಿಂತ ಕಡಿಮೆ ಇದ್ದು, ಸಮಯಕ್ಕೆ ಅರ್ಜಿ ಹಾಕಿದರೆ ಆ ವಯಸ್ಸು ಅಲ್ಲೇ ನಿಲ್ಲುತ್ತದೆ. ಇಪ್ಪತ್ತರ ಮಗ ಅಥವಾ ಮಗಳಿದ್ದ ಮನೆಗೆ ಜುಲೈ ತಿಂಗಳು ಅಂದರೆ ಕೊನೆಯ ಬಸ್ಸು.

ಹಾಗಾಗಿ ಜೂನ್ ಕೊನೆಯ ಎರಡು ವಾರ ಹುಚ್ಚು ಓಟ. ಅರ್ಜಿ ಹಾಕುವಾಗ ಇಡೀ ಸಂಸಾರ ಅಮೆರಿಕದ ಒಳಗೇ ಇರಬೇಕು. ರಜೆಗೆ ಊರಿಗೆ ಹೋದವರು ಟಿಕೆಟ್ ಬದಲಿಸಿ ವಾಪಸ್ ಬಂದರು. ಮದುವೆ ನಿಶ್ಚಯವಾದವರಿಗೆ ಬೇರೆ ತಲೆಬಿಸಿ: ಮದುವೆಗೆ ಮೊದಲೇ ಗ್ರೀನ್ ಕಾರ್ಡ್ ಬಂದುಬಿಟ್ಟರೆ ಹೆಂಡತಿ ಬೇರೆ ಸಾಲಿನಲ್ಲಿ ವರ್ಷಗಟ್ಟಲೆ ಕಾಯಬೇಕು. ವೈದ್ಯಕೀಯ ತಪಾಸಣೆಯನ್ನು ಇಲಾಖೆ ಒಪ್ಪಿದ 'ಸಿವಿಲ್ ಸರ್ಜನ್'ಗಳೇ ಮಾಡಬೇಕು. ಅವರ ಕ್ಲಿನಿಕ್‌ಗಳಲ್ಲಿ ಜಾಗ ಇಲ್ಲ. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡ ನಮ್ಮವರಿಗೆ ಆಗಿನ ಟಿಬಿಯ ಚರ್ಮದ ಪರೀಕ್ಷೆಯಲ್ಲಿ ತೋಳು ಊದಿಕೊಳ್ಳುವುದು ಮಾಮೂಲಿಯಾಗಿತ್ತು. ಊದಿದರೆ ಎಕ್ಸ್‌ರೇ, ಇನ್ನೆರಡು ದಿನ.

ಇನ್ನು ಜನನ ಪ್ರಮಾಣಪತ್ರ! ಅರವತ್ತು, ಎಪ್ಪತ್ತರ ದಶಕದಲ್ಲಿ ಹಳ್ಳಿಯಲ್ಲಿ ಹುಟ್ಟಿದವರಲ್ಲಿ ಎಷ್ಟೋ ಜನರ ಬಳಿ ಅದು ಇರಲೇ ಇಲ್ಲ. ಇದ್ದರೂ 'ಗಂಡು ಮಗು' ಎಂದಷ್ಟೇ ಬರೆದಿರುತ್ತದೆ, ಹೆಸರಿಲ್ಲ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ. ಆಗ ಊರಿನಲ್ಲಿರುವ ಅಪ್ಪ ತಾಲ್ಲೂಕು ಕಚೇರಿಗೋ ಪುರಸಭೆಗೋ ಅಲೆದು 'ದಾಖಲೆ ಸಿಗುತ್ತಿಲ್ಲ' ಎಂಬ ಪತ್ರ ತರಬೇಕು. ಛಾಪಾಕಾಗದದ ಮೇಲೆ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಇದೆಲ್ಲ ಕೊರಿಯರ್‌ನಲ್ಲಿ ಅಮೆರಿಕ ತಲುಪಬೇಕು, ಅದೂ ಜೂನ್ ಮುಗಿಯುವುದರೊಳಗೆ.

ಅವಸರಕ್ಕೆ ಶುಲ್ಕವೂ ಒಂದು ಕಾರಣ. ಐ-485 ಶುಲ್ಕ ಬೆರಳಚ್ಚು ಸೇರಿ 395 ಡಾಲರ್ ಇತ್ತು. ಜುಲೈ 30ರಿಂದ 1,010 ಡಾಲರ್ ಆಗುವುದಿತ್ತು. ಹೊಸ ಶುಲ್ಕದಲ್ಲಿ ಇಎಡಿ ಮತ್ತು ಪ್ರಯಾಣದ ಪರವಾನಗಿಯೂ ಸೇರಿದ್ದವು ಎನ್ನುವುದನ್ನೂ ಹೇಳಬೇಕು. ಈ ಶುಲ್ಕದ ವಿಷಯ ಮುಂದೆ ಮತ್ತೆ ಬರುತ್ತದೆ.

ಜುಲೈ 2: ಬಾಗಿಲು ಬಂದ್

ಜುಲೈ 1 ಭಾನುವಾರ. ಸಾವಿರಾರು ಲಕೋಟೆಗಳು ಸೋಮವಾರ ಬೆಳಿಗ್ಗೆ ನೆಬ್ರಾಸ್ಕಾ ಮತ್ತು ಟೆಕ್ಸಾಸ್‌ನ ಅರ್ಜಿ ಕೇಂದ್ರಗಳನ್ನು ತಲುಪುವಂತೆ ಹೊರಟಿದ್ದವು. ಅದೇ ಸೋಮವಾರ ವಿದೇಶಾಂಗ ಇಲಾಖೆ ಒಂದು ತಿದ್ದುಪಡಿ ಹೊರಡಿಸಿತು. ಕಳೆದ ತಿಂಗಳು ಯುಎಸ್‌ಸಿಐಎಸ್ ಬಾಕಿ ಅರ್ಜಿಗಳನ್ನು ಇದ್ದಕ್ಕಿದ್ದಂತೆ ವಿಲೇವಾರಿ ಮಾಡಿ ಸುಮಾರು 60,000 ನಂಬರ್ ಬಳಸಿದೆ, ವರ್ಷದ ನಂಬರ್‌ಗಳು ಮುಗಿದವು ಎಂದು. ಬೆನ್ನಿಗೇ ಯುಎಸ್‌ಸಿಐಎಸ್ ಬಂದ ಅರ್ಜಿಗಳನ್ನು ವಾಪಸ್ ಕಳಿಸುತ್ತೇವೆ ಎಂದಿತು.

ಆಗಿದ್ದು ಇಷ್ಟು. ವರ್ಷವಿಡೀ ಆಮೆ ನಡಿಗೆಯಲ್ಲಿದ್ದ ಇಲಾಖೆ ಜೂನ್‌ನಲ್ಲಿ ಒಮ್ಮೆಲೇ ಎದ್ದು ಕೂತಿತು. ಜೂನ್ 30 ಮತ್ತು ಜುಲೈ 1ರ ವಾರಾಂತ್ಯದಲ್ಲೂ ಸಿಬ್ಬಂದಿಯನ್ನು ಕೂರಿಸಿ ಅರ್ಜಿ ಮುಗಿಸಿತು. ಅಷ್ಟು ಜನರಿಗೆ ಗ್ರೀನ್ ಕಾರ್ಡ್ ಸಿಕ್ಕಿತಲ್ಲ, ಒಳ್ಳೆಯದೇ ಅಲ್ವಾ ಎಂದು ಕೇಳಬಹುದು. ಅವರ ಮಟ್ಟಿಗೆ ನಿಜವಾಗಿ ಒಳ್ಳೆಯದು. ಎರಡು ವರ್ಷ ಕಪಾಟಿನಲ್ಲಿದ್ದ ಫೈಲಿಗೆ ಶನಿವಾರ ರಾತ್ರಿ ಮುಕ್ತಿ ಸಿಕ್ಕಿದರೆ ಯಾರು ಬೇಡ ಅನ್ನುತ್ತಾರೆ? ಆದರೆ ಆ ಚುರುಕು ಅದೇ ವಾರವೇ ಯಾಕೆ ಬಂತು? ಹಳೆಯ ಶುಲ್ಕದಲ್ಲಿ ಲಕ್ಷಗಟ್ಟಲೆ ಅರ್ಜಿ ಬೀಳುವುದನ್ನು ತಪ್ಪಿಸಲು ಎಂಬ ಅನುಮಾನ ಅವತ್ತೇ ಎದ್ದಿತು. ಅದು ಸಾಬೀತಾಗಲಿಲ್ಲ. ಇಲಾಖೆಯ ಉದ್ದೇಶ ಏನೇ ಇರಲಿ, ಒಂದು ಸರ್ಕಾರದ ಎರಡು ಕೈಗಳು ಒಂದನ್ನೊಂದು ಸೋಲಿಸಿದ್ದಂತೂ ಕಣ್ಣಿಗೆ ಕಾಣುತ್ತದೆ.

ಹೂವು, ದಾವೆ, ಪತ್ರ

ಈಗ ಹೋರಾಟದ ಭಾಗ. ಇಮಿಗ್ರೇಷನ್ ವಾಯ್ಸ್ ಎಂಬ ಸಂಘಟನೆ ಆಗ ಇನ್ನೂ ಹೊಸದು. ಕಾಯುತ್ತಿರುವವರೇ ಸೇರಿ 2005ರ ಕೊನೆಗೆ ಕಟ್ಟಿಕೊಂಡದ್ದು. ಇವರಿಗೆ ಮತ ಇಲ್ಲ. ಮತ ಇಲ್ಲದವರ ಮಾತನ್ನು ರಾಜಕಾರಣಿ ಯಾಕೆ ಕೇಳುತ್ತಾನೆ? ಮೇಲಾಗಿ ಕಾಲವೂ ಸರಿಯಿರಲಿಲ್ಲ. ಅಕ್ರಮ ವಲಸಿಗರಿಗೂ ದಾರಿ ಮಾಡಿಕೊಡುವ ದೊಡ್ಡ ಮಸೂದೆ ಜೂನ್ 28ರಂದು ಸೆನೆಟ್‌ನಲ್ಲಿ ಸತ್ತುಹೋಗಿತ್ತು. ವಲಸೆ ಎಂಬ ಪದ ಕೇಳಿದರೆ ಎಲ್ಲರೂ ಬೆನ್ನು ತಿರುಗಿಸುವ ಹೊತ್ತು.

ಅಂಥ ಹೊತ್ತಿನಲ್ಲಿ ಹೂವಿನ ಉಪಾಯ ಜಾಣತನದ್ದು. ಘೋಷಣೆ ಕೂಗಿದರೆ ಇನ್ನೊಂದು ಗಲಾಟೆ ಎಂದು ಪತ್ರಿಕೆಗಳು ಸುಮ್ನೆ ಬಿಡುತ್ತಿದ್ದವು. ಹೂ ಕಳಿಸಿದರೆ ಸುದ್ದಿ. ಫೋಟೊ ಚೆನ್ನಾಗಿ ಬರುತ್ತದೆ. ಬೈಯಲು ಯಾರಿಗೂ ಕಾರಣ ಸಿಗುವುದಿಲ್ಲ. ವೀಸಾದಲ್ಲಿರುವವರಿಗೆ ಇನ್ನೊಂದು ಅನುಕೂಲ: ಹೂ ಕಳಿಸಿದ್ದಕ್ಕೆ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ. ಗೊನ್ಸಾಲೆಸ್ ಕೂಡ ಕ್ಯೂಬಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರೇ. ಅವರು ಕೊಟ್ಟ ಉತ್ತರವೂ ಜಾಣತನದ್ದು. ಬಂದ ಹೂಗಳನ್ನು ವಾಲ್ಟರ್ ರೀಡ್ ಮತ್ತು ಬೆಥೆಸ್ಡಾ ಆಸ್ಪತ್ರೆಗಳಲ್ಲಿರುವ ಗಾಯಾಳು ಸೈನಿಕರಿಗೆ ಕಳಿಸುತ್ತೇವೆ ಎಂದರು. ಹೂ ತಿರಸ್ಕರಿಸಿದ ಅಪವಾದ ಇಲ್ಲ, ಕೇಳಿದ್ದಕ್ಕೆ ಉತ್ತರವೂ ಇಲ್ಲ. ಅದೇ ವಾರ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮೆರವಣಿಗೆಯೂ ಆಯಿತು.

ಆದರೆ ಹೂವು ಬಾಡುವ ಮೊದಲೇ ಬೇರೆ ಎರಡು ಕೆಲಸ ನಡೆದಿತ್ತು. ನನ್ನ ಲೆಕ್ಕದಲ್ಲಿ ತೂಕ ಇದ್ದದ್ದು ಅವಕ್ಕೇ.

ಒಂದು, ಕೋರ್ಟು. ಶಿಕಾಗೋದ ಫೆಡರಲ್ ಕೋರ್ಟಿನಲ್ಲಿ ಒಂದು ದಾವೆ ಬಿತ್ತು. ಅಮೆರಿಕನ್ ಇಮಿಗ್ರೇಷನ್ ಲಾ ಫೌಂಡೇಷನ್ ದೇಶದ ಎಲ್ಲ ಅರ್ಜಿದಾರರ ಪರವಾಗಿ ಇನ್ನೊಂದು ದೊಡ್ಡ ದಾವೆ ಸಿದ್ಧಮಾಡುತ್ತಿತ್ತು. ಅವರ ಕೈಲಿದ್ದ ಅಸ್ತ್ರ ಭಾವನೆಯದ್ದಲ್ಲ, ಇಲಾಖೆಯದೇ ನಿಯಮ. ಅರ್ಜಿದಾರರ ಡೇಟ್ ಆ ತಿಂಗಳ ಬುಲೆಟಿನ್ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ ಅರ್ಜಿ ಹಾಕುವ ಮಟ್ಟಿಗೆ ವೀಸಾ ಲಭ್ಯ ಎಂದೇ ಎಣಿಸಬೇಕು ಎಂದು ಆ ನಿಯಮ ಹೇಳುತ್ತದೆ. ಹಿಂದೆ ತಿಂಗಳ ನಡುವೆ ನಂಬರ್ ಮುಗಿದಾಗಲೂ ಆ ತಿಂಗಳು ಪೂರ್ತಿ ಅರ್ಜಿ ತೆಗೆದುಕೊಂಡದ್ದೇ ರೂಢಿ. ಕೊಡಲು ನಂಬರ್ ಇಲ್ಲದಿದ್ದರೆ ಅರ್ಜಿಯನ್ನು ಇಟ್ಟುಕೊಂಡು ಕಾಯಿಸಬಹುದು, ತೆಗೆದುಕೊಳ್ಳದೆ ವಾಪಸ್ ಕಳಿಸುವುದು ಬೇರೆ. ಜೊತೆಗೆ ನಷ್ಟ ಎಣಿಸಿ ತೋರಿಸುವುದು ಸುಲಭ: ವಕೀಲರ ಫೀಸು, ತಪಾಸಣೆಯ ಬಿಲ್ಲು, ಬದಲಿಸಿದ ವಿಮಾನ ಟಿಕೆಟ್ಟು, ಎಲ್ಲಕ್ಕೂ ರಸೀದಿ ಇದೆ. ಎಲ್ಲವೂ ಸರ್ಕಾರದ ಲಿಖಿತ ಮಾತನ್ನು ನಂಬಿ ಮಾಡಿದ ಖರ್ಚು.

ಇನ್ನೊಂದು, ಸಂಸತ್ತು. ಪ್ರತಿನಿಧಿ ಸಭೆಯ ವಲಸೆ ಉಪಸಮಿತಿಯ ಮುಖ್ಯಸ್ಥೆ ಆಗ ಝೋ ಲಾಫ್‌ಗ್ರೆನ್. ಅವರ ಕ್ಷೇತ್ರ ಅದೇ ಸ್ಯಾನ್ ಹೋಸೆ. ವಲಸೆ ಕಾನೂನನ್ನು ಅರೆದು ಕುಡಿದವರು. ಗೃಹಭದ್ರತಾ ಕಾರ್ಯದರ್ಶಿ ಮೈಕೆಲ್ ಚೆರ್ಟಾಫ್‌ಗೂ ವಿದೇಶಾಂಗ ಕಾರ್ಯದರ್ಶಿ ಕಾಂಡೊಲೀಝಾ ರೈಸ್‌ಗೂ ಪತ್ರ ಬರೆದು, ಇದರ ಹಿಂದೆ ನಡೆದದ್ದೇನು ಎಂದು ವಿವರ ಕೇಳಿದರು. ಕೋರ್ಟಿನಲ್ಲೂ ಉಪಸಮಿತಿಯ ಮುಂದೆಯೂ ಜೂನ್ ಕೊನೆಯ ವಾರಾಂತ್ಯದ ಕಡತಗಳನ್ನು ಬಿಚ್ಚಬೇಕಾದ ಸ್ಥಿತಿ ಬಂದರೆ ಯಾವ ಅಧಿಕಾರಿಗೂ ಖುಷಿ ಆಗುವುದಿಲ್ಲ.

ಜುಲೈ 17ಕ್ಕೆ ತೀರ್ಮಾನ ಹೊರಬಿತ್ತು. ಜುಲೈ 2ರ ತಿದ್ದುಪಡಿ ವಾಪಸ್. ಮೂಲ ಬುಲೆಟಿನ್ ಮತ್ತೆ ಜಾರಿ. ಕಳೆದುಹೋದ ದಿನಗಳಿಗೆ ಬದಲಾಗಿ ಆಗಸ್ಟ್ 17ರವರೆಗೆ ಅರ್ಜಿ ಹಾಕಬಹುದು. ಶುಲ್ಕ ಹಳೆಯದೇ. ಯಾವ ನ್ಯಾಯಾಧೀಶರೂ ತೀರ್ಪು ಬರೆಯಲಿಲ್ಲ, ಯಾವ ಮಸೂದೆಯೂ ಪಾಸಾಗಲಿಲ್ಲ. ತೀರ್ಪು ಇಲ್ಲದೆ ಗೆದ್ದದ್ದರಿಂದ ಮುಂದೆ ಕೈ ಹಿಡಿಯುವ ಒಂದು ನಿದರ್ಶನವೂ ಉಳಿಯಲಿಲ್ಲ. ಇದರ ಬೆಲೆ ಎಂಟು ವರ್ಷದ ಮೇಲೆ ಗೊತ್ತಾಯಿತು.

ಒಳಗೆ ಹೋದವರು, ಹೊರಗೆ ಉಳಿದವರು

ಅರ್ಜಿಗಳು ಲಕ್ಷಗಟ್ಟಲೆ ಬಿದ್ದವು. ಬೇಡಿಕೆ ಕಣ್ಣಿಗೆ ಬಿದ್ದ ಕೂಡಲೇ ಡೇಟ್‌ಗಳು ದಡದಡನೆ ಹಿಂದಕ್ಕೆ ಓಡಿದವು. ಗ್ರೀನ್ ಕಾರ್ಡ್ ಮಾತ್ರ ಬರಲಿಲ್ಲ. ಸ್ನಾತಕೋತ್ತರ ಪದವಿ ಬೇಡುವ ಕೆಲಸಗಳ ಇಬಿ-2 ವರ್ಗದ ಭಾರತೀಯರಿಗೆ 2012ರ ಹೊತ್ತಿಗೆ ಡೇಟ್ 2010ರ ಮೇವರೆಗೆ ಜಿಗಿದು ಬಹಳ ಮಂದಿಗೆ ದಾರಿಯಾಯಿತು. ಅದರ ಕೆಳಗಿನ ವರ್ಗವಾದ ಇಬಿ-3ರಲ್ಲಿದ್ದವರ ಕಥೆ ಬೇರೆ. 2007ರ ಬೇಸಿಗೆಯಲ್ಲಿ ಅರ್ಜಿ ಹಾಕಿ ಹತ್ತು ವರ್ಷದ ಮೇಲೂ ಇಎಡಿ ನವೀಕರಿಸುತ್ತಲೇ ಕೂತವರಿದ್ದರು. ವರ್ಷವರ್ಷ ನವೀಕರಿಸುವ ಗೋಳು ನೋಡಿ 2008ರಲ್ಲಿ ಇಲಾಖೆಯೇ ಎರಡು ವರ್ಷದ ಇಎಡಿ ಕೊಡಲು ಶುರುಮಾಡಿತು. ಕಾಯುವುದು ಕಡಿಮೆಯಾಗಲಿಲ್ಲ, ಕಾಯುವ ಜಾಗದಲ್ಲಿ ಕುರ್ಚಿ ಬಂತು.

ಅದನ್ನು ಕಡೆಗಣಿಸುವಂತಿಲ್ಲ. ಹೆಂಡತಿಯರು ಕೆಲಸಕ್ಕೆ ಹೋದರು. ಕಂಪನಿ ಬದಲಿಸಿದರು. ಮಕ್ಕಳ ವಯಸ್ಸು ನಿಂತಿತು. ಆ ಕಿಟಕಿ ತಪ್ಪಿಸಿಕೊಂಡವರ ಪಾಡು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಎಚ್-4 ಸಂಗಾತಿಗಳಿಗೆ ಕೆಲಸ ಮಾಡುವ ಅವಕಾಶ ಬಂದದ್ದು 2015ರ ಮೇನಲ್ಲಿ, ಅದೂ ಮುಖ್ಯವಾಗಿ ಐ-140 ಮಂಜೂರಾದವರ ಮನೆಯವರಿಗೆ.

ತಪ್ಪಿಸಿಕೊಂಡವರು ಯಾರು? ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡುವುದು ಇದೇ. 2005ರ ಮಾರ್ಚ್‌ನಲ್ಲಿ ಲೇಬರ್ ಅರ್ಜಿಗೆ ಪರ್ಮ್ ಎಂಬ ಹೊಸ ಆನ್‌ಲೈನ್ ವ್ಯವಸ್ಥೆ ಬಂತು. ಹೊಸಬರ ಲೇಬರ್ ಕೆಲವೇ ತಿಂಗಳಲ್ಲಿ ಮುಗಿಯತೊಡಗಿತು. ಹಳೆಯ ಅರ್ಜಿಗಳನ್ನು ಡಲ್ಲಾಸ್ ಮತ್ತು ಫಿಲಡೆಲ್ಫಿಯಾದ ಎರಡು ಬಾಕಿ ವಿಲೇವಾರಿ ಕೇಂದ್ರಗಳಿಗೆ ಸುರಿದಿದ್ದರು. 2002ರಲ್ಲಿ ಅರ್ಜಿ ಹಾಕಿದ ಎಂಜಿನಿಯರ್‌ನ ಫೈಲು ಫಿಲಡೆಲ್ಫಿಯಾದಲ್ಲಿ ಕೊಳೆಯುತ್ತಿದೆ ಅಂದುಕೊಳ್ಳಿ. 2007ರ ಆಗಸ್ಟ್ 17ಕ್ಕೆ ಅವನ ಲೇಬರ್ ಮಂಜೂರಾಗದಿದ್ದರೆ ಐ-485 ಹಾಕುವಂತೆಯೇ ಇಲ್ಲ. ಅವನ ಪಕ್ಕದ ಕ್ಯೂಬಿಕಲ್‌ನಲ್ಲಿ 2006ರ ಡೇಟ್ ಇದ್ದವನು ಒಳಗೆ ಹೋದ. ಅವನ ಹೆಂಡತಿ ಕೆಲಸಕ್ಕೂ ಸೇರಿದಳು. ನಾಲ್ಕು ವರ್ಷ ಮೊದಲು ಬಂದವನು ಹೊರಗೇ. ಮೊದಲು ಬಂದವರಿಗೆ ಮೊದಲು ಎಂಬುದೇ ಈ ಸಾಲಿನ ಏಕೈಕ ನ್ಯಾಯ. ಅದೂ ಆ ಬೇಸಿಗೆಯಲ್ಲಿ ಉಳಿಯಲಿಲ್ಲ.

ಡೇಟ್ ಅನ್ನೋದು ಆಗಲೇ ಮಾರಾಟದ ಸರಕೂ ಆಗಿತ್ತು. ಕೆಲಸ ಬಿಟ್ಟುಹೋದವನ ಹಳೆಯ ಲೇಬರ್‌ಗೆ ಕಂಪನಿ ಇನ್ನೊಬ್ಬನ ಹೆಸರು ಸೇರಿಸಬಹುದಿತ್ತು, ಡೇಟ್ ಹಳೆಯದೇ ಉಳಿಯುತ್ತಿತ್ತು. ದುಡ್ಡು ಕೊಟ್ಟವರು ಹೀಗೆ ಸಾಲಿನ ನಡುವೆ ನುಗ್ಗಿದರು. ಕಾರ್ಮಿಕ ಇಲಾಖೆ 2007ರ ಜುಲೈ 16ರಿಂದ ಇದನ್ನು ನಿಲ್ಲಿಸಿತು. ಯುಎಸ್‌ಸಿಐಎಸ್ ಮಣಿದದ್ದಕ್ಕೆ ಸರಿಯಾಗಿ ಒಂದು ದಿನ ಮೊದಲು. ಹೂವಿನ ಸಡಗರದಲ್ಲಿ ಈ ಸುದ್ದಿಯನ್ನು ಹೆಚ್ಚು ಜನ ಗಮನಿಸಲಿಲ್ಲ. ನಿಯತ್ತಾಗಿ ಕಾದವರಿಗೆ ಅದೂ ದೊಡ್ಡ ನ್ಯಾಯವೇ.

2015: ಅದೇ ಆಟ, ಬೇರೆ ಫಲಿತಾಂಶ

2015ರ ಸೆಪ್ಟೆಂಬರ್ 9ರಂದು ವಿದೇಶಾಂಗ ಇಲಾಖೆ ಅಕ್ಟೋಬರ್ ಬುಲೆಟಿನ್‌ನಲ್ಲಿ ಹೊಸದೊಂದು ಪಟ್ಟಿ ತಂದಿತು. ಗ್ರೀನ್ ಕಾರ್ಡ್ ಕೈಗೆ ಬರುವ ದಿನಾಂಕ ಒಂದು, ಅರ್ಜಿ ಹಾಕಬಹುದಾದ ದಿನಾಂಕ ಇನ್ನೊಂದು. 2007ರಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು ಈಗ ನಿಯಮದಂತೆ ಸಿಗುತ್ತದೆ ಎಂದು ಜನ ಹಿಗ್ಗಿದರು. ಭಾರತದ ಇಬಿ-2ಗೆ ಅರ್ಜಿ ದಿನಾಂಕ 2011ರ ಜುಲೈ 1. ಮತ್ತೆ ಅದೇ ಓಟ, ಅದೇ ಕ್ಲಿನಿಕ್, ಅದೇ ಅಫಿಡವಿಟ್. ಸೆಪ್ಟೆಂಬರ್ 25ಕ್ಕೆ, ಬಾಗಿಲು ತೆರೆಯಲು ಒಂದು ವಾರವೂ ಇಲ್ಲದಾಗ, ಆ ದಿನಾಂಕವನ್ನು 2009ರ ಜುಲೈ 1ಕ್ಕೆ ಎಳೆದರು. ಎರಡು ವರ್ಷದ ಜನ ಒಂದು ಮಧ್ಯಾಹ್ನದಲ್ಲಿ ಹೊರಗೆ.

ಈ ಸಲ ಸಿಯಾಟಲ್‌ನಲ್ಲಿ ದಾವೆ ಹೂಡಿದರು. ತುರ್ತು ಆದೇಶ ಕೊಡಲು ನ್ಯಾಯಾಧೀಶರು ಒಪ್ಪಲಿಲ್ಲ. ಸರ್ಕಾರವೂ ಹಿಂದೆ ಸರಿಯಲಿಲ್ಲ. ವ್ಯತ್ಯಾಸ ಎಲ್ಲಿ? 2007ರಲ್ಲಿ ಬುಲೆಟಿನ್ ಜಾರಿಗೆ ಬಂದ ತಿಂಗಳಲ್ಲೇ, ಅರ್ಜಿಗಳು ಬಾಗಿಲಿಗೆ ಬಂದ ಮೇಲೆ ಮಾತು ತಪ್ಪಿದ್ದರು. 2015ರಲ್ಲಿ ಅಕ್ಟೋಬರ್ ಶುರುವಾಗುವ ಮೊದಲೇ ತಿದ್ದಿದರು. ಜನರ ನೋವು, ಖರ್ಚು ಎರಡೂ ಸಲ ಒಂದೇ. ಕಾನೂನಿನ ಕೊಕ್ಕೆ ಮಾತ್ರ ಈ ಸಲ ಸಡಿಲ. ಹೂವೇ ಗೆಲ್ಲಿಸಿತು ಎನ್ನುವವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. 2007ರ ಹೋರಾಟಗಾರರಿಗೆ ಮತ ಇರಲಿಲ್ಲ ನಿಜ, ಆದರೆ ಸಂಬಳ ಇತ್ತು. ಇಂಗ್ಲಿಷ್ ಇತ್ತು. ಕಂಪನಿ ಕೊಟ್ಟ ವಕೀಲರಿದ್ದರು. ಅದೇ ದೇಶದ ವಲಸೆ ನ್ಯಾಯಾಲಯಗಳಲ್ಲಿ ಗಡೀಪಾರಿನ ಕೇಸು ಎದುರಿಸುವವರಿಗೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ ಎಂದು ಕಾನೂನೇ ಹೇಳುತ್ತದೆ. ಹಣ ಇಲ್ಲದವರು, ಒಮ್ಮೊಮ್ಮೆ ಮಕ್ಕಳು ಕೂಡ, ಸರ್ಕಾರಿ ವಕೀಲರ ಎದುರು ಒಬ್ಬರೇ ನಿಲ್ಲುತ್ತಾರೆ. ಅವರಿಗೆ ಬರುವ ನೋಟಿಸಿನಲ್ಲಿ ತಪ್ಪಿದ್ದರೆ ಎರಡು ವಾರದಲ್ಲಿ ದೇಶಮಟ್ಟದ ಸುದ್ದಿ ಆಗುವುದಿಲ್ಲ. ನಮ್ಮವರ ಗೆಲುವನ್ನು ಸಣ್ಣದು ಮಾಡಲು ಇದನ್ನು ಹೇಳುತ್ತಿಲ್ಲ. ಆ ವ್ಯವಸ್ಥೆಯಲ್ಲಿ ನ್ಯಾಯ ಯಾರಿಗೆ ಬೇಗ ಸಿಗುತ್ತದೆ ಎಂದು ಕೇಳುವಾಗ ನಾವು ಸಾಲಿನ ಯಾವ ತುದಿಯಲ್ಲಿದ್ದೇವೆ ಎಂಬುದೂ ನೆನಪಿರಲಿ.

ಉಳಿದ ಲೆಕ್ಕ

2007ರಲ್ಲಿ ಯಾರೂ ಮುಟ್ಟದ ಎರಡು ಅಂಕಿಗಳು 1,40,000 ಮತ್ತು 7%. ಅವನ್ನು ಬದಲಿಸಲು ಸಂಸತ್ತೇ ಬೇಕು. ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈ 10ರಂದು ಪ್ರತಿನಿಧಿ ಸಭೆಯಲ್ಲಿ 365–65 ಮತಗಳಿಂದ ಪಾಸಾಯಿತು. ಎರಡೂ ಪಕ್ಷದವರು ಕೈ ಎತ್ತಿದ್ದರು. ಸೆನೆಟ್ ತನ್ನದೇ ತಿದ್ದುಪಡಿಗಳೊಂದಿಗೆ 2020ರ ಡಿಸೆಂಬರ್ 2ರಂದು ಒಪ್ಪಿತು. ಎರಡು ಸದನಗಳು ಒಪ್ಪಿದ ಮಸೂದೆಯ ಒಕ್ಕಣೆ ಬೇರೆ ಬೇರೆ. ಹೊಂದಿಸುವಷ್ಟರಲ್ಲಿ ಅಧಿವೇಶನವೇ ಮುಗಿಯಿತು, ಮಸೂದೆಯೂ ಮುಗಿಯಿತು.

ವಿರೋಧಿಸಿದವರೆಲ್ಲ ವಲಸೆ ವಿರೋಧಿಗಳಲ್ಲ. ಒಟ್ಟು ಸಂಖ್ಯೆ ಹೆಚ್ಚಿಸದೆ ಮಿತಿ ತೆಗೆದರೆ ಮುಂದಿನ ಹಲವು ವರ್ಷ ಹೆಚ್ಚಿನ ನಂಬರ್ ಭಾರತೀಯರಿಗೇ ಹೋಗುತ್ತವೆ. ಬೇರೆ ದೇಶದ ನರ್ಸುಗಳು, ಸಂಶೋಧಕರು ಹೊಸದಾಗಿ ಕಾಯಬೇಕಾಗುತ್ತದೆ. ಅವರ ವಾದ ಪೊಳ್ಳಲ್ಲ. ಹುಟ್ಟಿದ ದೇಶ ನೋಡಿ ಸಾಲು ಬೇರೆ ಮಾಡುವುದು ಅನ್ಯಾಯ ಎಂಬ ನಮ್ಮವರ ಮಾತೂ ಪೊಳ್ಳಲ್ಲ. ನನಗೆ ಕೇಳಿದರೆ ಜಗಳ ಆಗಬೇಕಾದದ್ದು ಕಾಯುವವರ ನಡುವೆ ಅಲ್ಲ, ಹಾಳಾಗುವ ನಂಬರ್‌ಗಳ ಬಗ್ಗೆ. 2021ರಲ್ಲಿ ಕೊರೋನಾ ಕಾರಣಕ್ಕೆ ಹಿಂದಿನ ವರ್ಷ ಕುಟುಂಬ ವರ್ಗದಲ್ಲಿ ಉಳಿದ ನಂಬರ್‌ಗಳು ಸೇರಿ ಉದ್ಯೋಗ ವರ್ಗಕ್ಕೆ ಸುಮಾರು 2,62,000 ಸಿಕ್ಕಿದವು. ಮಾಮೂಲಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಅವುಗಳಲ್ಲಿ 66,000ಕ್ಕೂ ಹೆಚ್ಚು ನಂಬರ್ ಸೆಪ್ಟೆಂಬರ್ 30ರ ಮಧ್ಯರಾತ್ರಿಗೆ ಬಳಕೆಯಾಗದೆ ಹೋದವು. ಪ್ರಕಾಶ್ ಖತ್ರಿ ಅದೇ ರೋಗದ ಬಗ್ಗೆ ಬರೆದು ಆಗ ಹದಿನಾಲ್ಕು ವರ್ಷವಾಗಿತ್ತು.

ದೇಶವಾರು ಮಿತಿಯ ಮೇಲಿನ ಇನ್ನೊಂದು ಮಸೂದೆ, ಈಗಲ್ ಆ್ಯಕ್ಟ್, 2022ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆಯ ಮತಕ್ಕೆ ಬರುವುದಿತ್ತು. ಶ್ವೇತಭವನದ ಬೆಂಬಲವೂ ಇತ್ತು. ಮತ ಸಾಲುವುದಿಲ್ಲ ಎಂದು ಗೊತ್ತಾದಾಗ ಅದನ್ನು ಸದನಕ್ಕೆ ತರದೆ ಬಿಟ್ಟರು.